ಆಗಮನ ಕಾಲದ ವಾಚನಗಳು ಮನಸ್ಸಿಗೆ ಇಳಿಯಬೇಕಾದರೆ ಹೇಗೆ ಓದಬೇಕು?

ಪ್ರಶ್ನೆ: ಗೃಹಿಣಿ, ಸಿಂಧನೂರು ತಾಲ್ಲೂಕು

ಸರ್ವರಿಗೂ ವಂದನೆಗಳು. ಈ ಬಾರಿ 2025ರ ನವೆಂಬರ್ 30ರ ಭಾನುವಾರ ಆಗಮನ ಕಾಲ, ಅಂದರೆ ಕ್ರಿಸ್ಮಸ್ಸಿಗೆ ಸಿದ್ಧವಾಗುವ ವಾರಗಳು, ಆರಂಭವಾಗುತ್ತದೆ. ನಮ್ಮಲ್ಲಿ ಅದೇ ಹೊತ್ತಿಗೆ ಭತ್ತದ ಕೊಯ್ಲು. ಕಟಾವು ಯಂತ್ರ ನಮ್ಮ ಗದ್ದೆಗೆ ಯಾವಾಗ ಬರುತ್ತದೆಂಬುದು ಯಂತ್ರದವನಿಗೂ ತಿಳಿದಿರುವುದಿಲ್ಲ. ಕಳೆದ ವರ್ಷ ಪೂಜೆಗೆ ಗೊತ್ತುಮಾಡಿದ ಪ್ರತಿದಿನದ ಬೈಬಲ್ ವಾಚನಗಳನ್ನು ಒಂದೂ ಬಿಡದೆ ಓದುವ ಸಂಕಲ್ಪ ಮಾಡಿ, ಓದಿದ ದಿನಕ್ಕೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತಿದ್ದೆ. ಗೆರೆಗಳೇನೋ ತಪ್ಪಲಿಲ್ಲ, ಆದರೆ ಕ್ರಿಸ್ಮಸ್ ರಾತ್ರಿಯ ಪೂಜೆಯಲ್ಲಿ ಕುಳಿತಾಗ ಓದಿದ್ದರಲ್ಲಿ ಒಂದು ಮಾತೂ ನೆನಪಿಗೆ ಬರಲಿಲ್ಲ. ನಮ್ಮ ಅತ್ತೆಯವರಿಗೆ ಓದು ಬರುವುದಿಲ್ಲ, "ಏನವಾ, ಇವತ್ತು ಯೆಶಾಯ ಏನಂದ?" ಎಂದು ಅವರು ಆ ಪ್ರವಾದಿಯ ಮಾತು ಕೇಳಿದಾಗ ಉತ್ತರ ಹೇಳಲಾರದೆ ನಾಚಿಕೆಯಾಗುತ್ತಿತ್ತು. ಇನ್ನೊಂದು ಸಂದೇಹವೂ ಇದೆ. ಮೊದಲ ಭಾನುವಾರದ ಶುಭಸಂದೇಶದಲ್ಲಿ (ಯೇಸುವಿನ ಬಾಳನ್ನು ಹೇಳುವ ಬೈಬಲ್ ಭಾಗದಲ್ಲಿ) ನೋವನ ಕಾಲದ ಪ್ರಳಯ, ರಾತ್ರಿ ಬರುವ ಕಳ್ಳ, ಇವೇ ಇವೆ. ಇವಕ್ಕೂ ಯೇಸು ಹುಟ್ಟಿದ ಗೋದಲಿಗೂ ಏನು ಸಂಬಂಧ?

ಉತ್ತರ 1: ಉಪದೇಶಿ, ಕೊಪ್ಪಳ

ಸಹೋದರಿಯವರೇ, ಎರಡನೆಯ ಸಂದೇಹ ಮೊದಲು. ಆಗಮನ ಕಾಲದಲ್ಲಿ ಎರಡು ಭಾಗಗಳಿವೆ. ಡಿಸೆಂಬರ್ 16ರವರೆಗಿನ ವಾಚನಗಳು ಮುಖ್ಯವಾಗಿ ಕ್ರಿಸ್ತರ ಪುನರಾಗಮನದ ಕಡೆಗೆ ನೋಡುತ್ತವೆ. 17ರಿಂದ 24ರವರೆಗಿನವು ಬೆತ್ಲೆಹೇಮಿನ ಜನನಕ್ಕೆ ನೇರವಾಗಿ ಸಿದ್ಧಪಡಿಸುತ್ತವೆ. ಕಳ್ಳನ ಮಾತು ಹೆದರಿಸುವುದಕ್ಕಲ್ಲ, ಎಚ್ಚರವಾಗಿರಲು ಹೇಳಿದ್ದು. ಯಂತ್ರ ಬರುತ್ತದೆಂದು ಕಣದಲ್ಲಿ ತಾಡಪಾಲು ಹಾಸಿಕೊಂಡು ಕುಳಿತವರಿಗೆ ಆ ಎಚ್ಚರ ಹೊಸದಲ್ಲ.

ಕೊಯ್ಲಿನ ದಿನಗಳಲ್ಲಿ ಎಲ್ಲವನ್ನೂ ಓದಲೇಬೇಕೆಂಬ ಹಟ ಬೇಡ. ಭಾನುವಾರದ ವಾಚನವೊಂದನ್ನೇ ಹಿಡಿದು ವಾರವಿಡೀ ಅದನ್ನೇ ಮತ್ತೆ ಮತ್ತೆ ಓದಿರಿ. ಈ ವರ್ಷ ಭಾನುವಾರಗಳಲ್ಲಿ ಮತ್ತಾಯನ ಶುಭಸಂದೇಶ ಓದುವ ವರ್ಷವಾದ್ದರಿಂದ ಡಿಸೆಂಬರ್ 14ರ ಮೂರನೆಯ ಭಾನುವಾರಕ್ಕೆ ಯಕೋಬನ ಪತ್ರದ 5ನೆಯ ಅಧ್ಯಾಯ ಬರುತ್ತದೆ. ಬೆಲೆಬಾಳುವ ಫಸಲಿಗಾಗಿ ಮುಂಗಾರು ಹಿಂಗಾರು ಮಳೆಗಳು ಬರುವ ತನಕ ತಾಳ್ಮೆಯಿಂದಿರುವ ರೈತನ ಮಾತು ಅಲ್ಲಿದೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ನಾಡಿನ ಮುಂಗಾರು ನಮ್ಮ ಜೂನ್ ತಿಂಗಳದ್ದಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಬಿದ್ದು ಬಿತ್ತನೆಗೆ ನೆಲ ಹದಮಾಡುವ ಮಳೆ ಅದು, ಅಲ್ಲಿನ ಹಿಂಗಾರು ಕಾಳು ತುಂಬುವ ವಸಂತದ್ದು. ಹಾಗಾಗಿ ಆ ರೈತ ಕಾಯುವುದು ಬಿತ್ತಿದ ಮೇಲೆ, ಏನೂ ಮಾಡಲಾಗದ ದಿನಗಳಲ್ಲಿ. ನಮ್ಮ ಕಡೆ ಇದಕ್ಕೆ ಹತ್ತಿರವಾದದ್ದು ನೀರಾವರಿಯ ಭತ್ತವಲ್ಲ, ಎರೆಹೊಲದ ಹಿಂಗಾರಿ ಜೋಳ. ಭೂಮಿಯೊಳಗಿನ ತೇವವನ್ನೂ ಬೆಳಗಿನ ಇಬ್ಬನಿಯನ್ನೂ ನಂಬಿ ಅದು ನಿಂತಿರುತ್ತದೆ. ನಾಲ್ಕನೆಯ ಭಾನುವಾರದ ಪೂಜೆಯ ಪ್ರವೇಶ ಶ್ಲೋಕವೂ ಯೆಶಾಯನ 45ನೆಯ ಅಧ್ಯಾಯದಿಂದ ಬಂದದ್ದು: ನೀತಿವಂತನನ್ನು ಇಬ್ಬನಿಯಂತೆ ಸುರಿಸೆಂದು ಆಕಾಶವನ್ನು ಬೇಡುವ ಪ್ರಾರ್ಥನೆ. ಅತ್ತೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಓದಿ ಹೇಳಿದರೆ ಸಾಕು.

ಉತ್ತರ 2: ನಿವೃತ್ತ ಶಿಕ್ಷಕ, ಬಳ್ಳಾರಿ

ಉಪದೇಶಿಗಳ ಮಾತನ್ನು ಒಪ್ಪುತ್ತೇನೆ, ಆದರೆ ಡಿಸೆಂಬರ್ 17ರಿಂದಾಚೆಗೆ ವಾರದ ದಿನಗಳನ್ನು ಬಿಡುವುದು ಸರಿಯೆನಿಸುವುದಿಲ್ಲ. 17ರಂದು ಓದುವ, ಮತ್ತಾಯನು ಬರೆದ ಯೇಸುವಿನ ವಂಶಾವಳಿಯನ್ನು ನಾವೆಲ್ಲ ಹೆಸರುಗಳ ರಾಶಿಯೆಂದು ಓಡಿಸಿಬಿಡುತ್ತೇವೆ. ನಾನೂ ವಾಚನ ಪೀಠದಲ್ಲಿ ನಿಂತು ಅನೇಕ ವರ್ಷ ಹಾಗೆಯೇ ಓಡಿಸಿದ್ದೇನೆ. ಅದರಲ್ಲಿ ಮರಿಯಮ್ಮನವರಲ್ಲದೆ ತಾಮಾರ, ರಾಹಾಬ, ರೂತ, ಊರೀಯನ ಹೆಂಡತಿ ಎಂದು ನಾಲ್ವರು ಹೆಂಗಸರಿದ್ದಾರೆ. ರೂತ ಪರದೇಶದ ವಿಧವೆ; ಅತ್ತೆಯನ್ನು ಬಿಟ್ಟು ಹೋಗಲೊಲ್ಲದೆ ಬೆತ್ಲೆಹೇಮಿಗೆ ಬಂದು, ಜವೆಗೋಧಿಯ ಕೊಯ್ಲಿನಲ್ಲಿ ಬೇರೆಯವರ ಹೊಲದ ಹಕ್ಕಲಾಯ್ದು (ಕೊಯ್ದವರು ಬಿಟ್ಟ ತೆನೆಗಳನ್ನು ಆರಿಸಿ) ಅತ್ತೆಯನ್ನು ಸಾಕಿದವಳು. ಅತ್ತೆ ಸೊಸೆ ಇಬ್ಬರೇ ಕುಳಿತು ಓದುವ ಮನೆಗೆ ಇದಕ್ಕಿಂತ ಒಳ್ಳೆಯ ಸಿದ್ಧತೆ ಯಾವುದಿದೆ? ರೂತಳ ಪುಸ್ತಕ ನಾಲ್ಕೇ ಅಧ್ಯಾಯ.

ಓದು ಒಣಗಿದಂತೆನಿಸಿದರೆ ಅದನ್ನು ಪಾಪವೆಂದುಕೊಳ್ಳಬೇಡಿ. ಮೂರನೆಯ ಭಾನುವಾರ ಯೇಸುವಿನ ಬರವನ್ನು ಮೊದಲೇ ಸಾರಿ ಈಗ ಸೆರೆಮನೆಯಲ್ಲಿದ್ದ ಸ್ನಾನಿಕ ಯೊವಾನ್ನನೇ, ಬರಬೇಕಾದವರು ನೀವೋ ಅಥವಾ ಬೇರೊಬ್ಬರಿಗಾಗಿ ಕಾಯಬೇಕೋ ಎಂದು ಯೇಸುಸ್ವಾಮಿಯ ಬಳಿ ಕೇಳಿಕಳುಹಿಸುತ್ತಾನೆ. ಸ್ವಾಮಿ ಅವನನ್ನು ಗದರಿಸಲಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಕ್ಯಾಲೆಂಡರಿನ ಗೆರೆ ಈ ವರ್ಷ ಎಳೆಯುವುದಿಲ್ಲ. ನಿನ್ನೆ ರಾತ್ರಿ ಕೂಲಿಯವರ ಊಟವಾದ ಮೇಲೆ ರೂತಳ ಎರಡನೆಯ ಅಧ್ಯಾಯ ಓದಿದೆ. ಹಕ್ಕಲಿನ ಮಾತು ಬಂದಲ್ಲಿ ಅತ್ತೆಯವರು ಎದ್ದು ಕುಳಿತು, "ಎಷ್ಟು ಆಯ್ದಳಂತ?" ಎಂದು ಕೇಳಿದರು. ಒಂದು ಏಫಾದಷ್ಟು ಎಂದೆ. ನಮ್ಮ ಸೇರಿನ ಲೆಕ್ಕದಲ್ಲಿ ಅದೆಷ್ಟೆಂದು ತಿಳಿದವರು ದಯವಿಟ್ಟು ಬರೆಯಿರಿ. ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ದಾರೆ.