ಬಲೆಗೆ ಸಿಕ್ಕಿದ್ದ ಕೇರೆ ಹಾವು 18 ದಿನದಿಂದ ಇಲಿ ಮುಟ್ಟಿಲ್ಲ

ಎರಿಹೊಲ, ಬ್ಯಾಡಗಿ:
ಮೆಣಸಿನಕಾಯಿ ಹೊಲಕ್ಕ ಕಟ್ಟಿದ್ದ ನೈಲಾನ್ ಬಲಿಯಾಗ ಸಿಕ್ಕಿದ್ದು, 5 ಅಡಿ. ಅರಣ್ಯ ಇಲಾಖೆಯವರಿಗೆ ತಿಳಿಸಿ, ಅವರ ಒಪ್ಪಿಗಿ ಮ್ಯಾಲೆ ಇಟ್ಟೇವಿ. ತಲಿಯಿಂದ ಒಂದು ಗೇಣು ಕೆಳಗ ಚರ್ಮ ಕೊಯ್ದಿತ್ತು, ಡಾಕ್ಟರು ಐದು ಹೊಲಿಗಿ ಹಾಕ್ಯಾರ. 680 ಗ್ರಾಂ ಇದ್ದದ್ದು 645 ಆಗೇತಿ. ಎರಡು ಸಲ ಜೀವಂತ ಇಲಿ ಬಿಟ್ರೂ ಮೂಲಿ ಹಿಡದು ಕುಂತತಿ. ಬಾಯಿ ತೆಗೆದು ತುರುಕಬೇಕೇನ್ರಿ?

ಕೇರೆಗೆಳೆಯ, ಧಾರವಾಡ:
ತುರುಕಬ್ಯಾಡ್ರಿ. ಇಲಿ ಹೊಲಿಗಿ ಇದ್ದಲ್ಲಿ ಹಾಯುವಾಗ ಹಾವಿನ ಮೈಮ್ಯಾಲಿನ ಹುರುಪೆ ನಡುವಿನ ಚರ್ಮ ಹಿಗ್ಗಿ ದಾರ ಕಿತ್ತು ಬರತೈತಿ. ಐದು ಪರ್ಸೆಂಟ್ ಇಳದ್ರ ದೊಡ್ಡ ಹಾವಿಗೆ ಗಾಬ್ರಿ ಇಲ್ಲ. ಜೀವಂತ ಇಲಿನೂ ಬ್ಯಾಡ, ಸುಸ್ತಾದ ಹಾವನ್ನ ಅದೇ ಕಡೀತೈತಿ. ಡಬ್ಬಿಯಾಗ ರಾತ್ರಿ ಎಷ್ಟು ಡಿಗ್ರಿ? ಕೆಳಗ ಏನು ಹಾಸೀರಿ?

ಎರಿಹೊಲ:
ರಾತ್ರಿ 21, ಹಗಲು 27. ಉಸುಕು ಹಾಕೇವಿ.

ಕೇರೆಗೆಳೆಯ:
ಹಂಗಾರ ತಿನ್ನೂದು ಹ್ಯಾಂಗ! 21ಕ್ಕ ಅರಗಂಗಿಲ್ಲ, ನುಂಗಿದ್ರೂ ಮೂರ್ನಾಕು ದಿನಕ್ಕ ನಾರೂ ಇಲಿ ಕಾರತೈತಿ. ಡಬ್ಬಿಯ ಒಂದು ತುದಿ ಕೆಳಗ ಹೀಟಿಂಗ್ ಪ್ಯಾಡ್ ಇಡ್ರಿ, ಶಾಖ ಹಿಡಿತದಾಗ ಇಡೂ ಥರ್ಮೋಸ್ಟಾಟ್ 31ಕ್ಕ. ಇನ್ನೊಂದು ತುದಿ 26ರ ಸುಮಾರು. ಬಲ್ಬ್ ಒಳಗ ಇಳಿಬಿಟ್ರ ಸುತ್ತಿಕೊಂಡು ಸುಟ್ಕೊತಾವ. ಉಸುಕು ಗಾಯಕ್ಕ ಅಂಟತೈತಿ, ಹಳೇ ಪೇಪರ್ ಹಾಸಿ ದಿನಾ ಬದಲಿಸ್ರಿ. ಎರಡೂ ಕಡೆ ಅಡಗಲಿಕ್ಕೆ ರಟ್ಟಿನ ಡಬ್ಬಿ, ಹೊರಗ ಬಟ್ಟಿ. ಕೇರೆ ಬಾಳ ಪುಕ್ಕಲು. ಮಂದಿ ಓಡಾಡೂದು ಕಂಡ್ರ ಗೋಡಿಗೆ ಹಾಯ್ದು ಮೂಗು ಕಿತ್ಕೊತೈತಿ.

ನಾಕೈದು ದಿನ ಬರೇ ನೀರು. ಆಮ್ಯಾಲೆ 30 ಗ್ರಾಂ ಒಳಗಿನ ಸತ್ತ ಸಣ್ಣ ಇಲಿ, ಬಿಸಿನೀರಾಗ ಬೆಚ್ಚಗ ಮಾಡಿ, ಒರಸಿ. ಮನಿಯೊಳಗ ಪಾಷಾಣ ತಿಂದು ಸತ್ತದ್ದು ಮಾತ್ರ ಬ್ಯಾಡ. ಇದು ಹಗಲು ಬೇಟಿಯಾಡೂ ಹಾವು, ಹತ್ತಕ್ಕ ಇಟ್ಟು ಸಂಜಿಗೆ ತೆಗೀರಿ. ತಿಂದ ಮ್ಯಾಲೆ ಎರಡು ದಿನ ಮುಟ್ಟಬ್ಯಾಡ್ರಿ, ತೂಕಕ್ಕೂ ಎತ್ತಬ್ಯಾಡ್ರಿ.

ಹುರುಪೆ, ಗದಗ:
ಕಣ್ಣು ನೋಡ್ರಿ. ಹಾಲಿನಂಗ ಮಸುಕಾಗಿದ್ರ ಪೊರೆ ಬಿಡೂ ಹೊತ್ತು, ಆವಾಗ ಹೆಚ್ಚಿನವು ತಿನ್ನಂಗಿಲ್ಲ. ಗಾಯದ ಸುತ್ತ ಪೊರೆ ಸಿಕ್ಕೊಂಡ್ರ ಜಗ್ಗಬ್ಯಾಡ್ರಿ, ಒದ್ದಿ ಅರಿವಿ ಇಟ್ಟು ಮೆತ್ತಗ ಮಾಡ್ರಿ. ಹೊಲಿಗಿ ಹತ್ತು ದಿನಕ್ಕ ಬಿಚ್ಚೂದಲ್ಲ, ದನದ್ದಲ್ಲ ಇದು. 4ರಿಂದ 6 ವಾರ, ಒಂದು ಪೊರೆ ಬಿಟ್ಟ ಮ್ಯಾಲೆ. ಅರಿಶಿಣ, ಸುಣ್ಣ ಮೆತ್ತಬ್ಯಾಡ್ರಿ. ಗಾಯ ಒರಸೂ ಔಷಧ ಪೊವಿಡೋನ್ ಅಯೋಡಿನ್ ನೀರಾಗ ತಿಳಿ ಚಹಾ ಬಣ್ಣಕ್ಕ ಬರೂವಂಗ ಕಲಸಿ ಒರಸಿದ್ರ ಸಾಕು. ಮಂದಿ ಬಟ್ಟಲಾಗ ಹಾಲು ತಂದ್ರ ವಾಪಸ್ ಕಳಸ್ರಿ.

ತೂಕ 600ಕ್ಕ ಇಳದ್ರ ಮನ್ಯಾಗ ಪ್ರಯೋಗ ಬ್ಯಾಡ, ಡಾಕ್ಟರ ಹತ್ರ ಒಯ್ರಿ. ಟ್ಯೂಬ್ ಹಾಕಿ ಹೊಟ್ಟಿಗೆ ಆಹಾರ ಕೊಡೂದು ಅವರ ಕೆಲಸ.