ಗ್ಲಾನ್ಸ್‌ಮನ್ ಥ್ರಾಂಬಸ್ತೀನಿಯಾ: ಮಗಳು ಋತುಮತಿಯಾಗುವ ಮೊದಲು ಏನೇನು ಸಿದ್ಧ ಮಾಡಿಕೊಳ್ಳಬೇಕು?

ಪ್ರಶ್ನೆ

ಹತ್ತು ವರ್ಷದ ನನ್ನ ಮಗಳಿಗೆ ಗ್ಲಾನ್ಸ್‌ಮನ್ ಥ್ರಾಂಬಸ್ತೀನಿಯಾ ಎಂಬ, ಹುಟ್ಟಿನಿಂದಲೇ ಬರುವ ರಕ್ತಸ್ರಾವದ ಕಾಯಿಲೆ ಇದೆ. ಅವಳ ಪ್ಲೇಟ್‌ಲೆಟ್‌ಗಳ ಸಂಖ್ಯೆ ಯಾವಾಗಲೂ ಸರಿಯಾಗಿಯೇ ಇರುತ್ತದೆ. ಆದರೆ ಅವು ಒಂದಕ್ಕೊಂದು ಅಂಟಿಕೊಳ್ಳಲು ಬೇಕಾದ ಪ್ರೋಟೀನ್ ಇಲ್ಲದಿರುವುದರಿಂದ, ಮೂಗಿನಿಂದ ರಕ್ತ ಬರತೊಡಗಿದರೆ ನಿಲ್ಲಿಸುವುದೇ ಕಷ್ಟವಾಗುತ್ತದೆ. ಒಮ್ಮೆ ತುರ್ತು ವಿಭಾಗದಲ್ಲಿ ಎಣಿಕೆಯ ವರದಿಯನ್ನಷ್ಟೇ ನೋಡಿ ನಮ್ಮನ್ನು ಮನೆಗೆ ಕಳುಹಿಸಿದ್ದರು. ಇನ್ನು ಕೆಲವೇ ವರ್ಷಗಳಲ್ಲಿ ಅವಳಿಗೆ ಮುಟ್ಟು ಆರಂಭವಾಗುತ್ತದೆ ಎಂಬ ಯೋಚನೆ ಈಗ ನನ್ನನ್ನು ಕಾಡುತ್ತಿದೆ. ಅದಕ್ಕೆ ಹೇಗೆ ಸಿದ್ಧರಾಗಬೇಕು? ರಕ್ತ ನಿಲ್ಲದಿದ್ದಾಗಲೆಲ್ಲ ಪ್ಲೇಟ್‌ಲೆಟ್ ಕೊಡಿಸುವುದು ಸರಿಯೇ?

ಉತ್ತರ 1

ನಮಸ್ಕಾರ. ನಾನೂ ಇದೇ ತೊಂದರೆಯೊಂದಿಗೆ ಬೆಳೆದವಳು. ಮೊದಲ ಮುಟ್ಟು ಬರುವವರೆಗೆ ಕಾಯದೆ ಈಗಲೇ ರಕ್ತರೋಗ ತಜ್ಞರನ್ನೂ ಸ್ತ್ರೀರೋಗ ತಜ್ಞರನ್ನೂ ಕಂಡು, ಇಬ್ಬರೂ ಒಪ್ಪಿದ ಯೋಜನೆಯೊಂದನ್ನು ಬರೆಸಿಟ್ಟುಕೊಳ್ಳಿ. ನಮ್ಮಂಥವರಲ್ಲಿ ಮೊದಲ ಋತುಸ್ರಾವವೇ ಆಸ್ಪತ್ರೆಗೆ ಸೇರಿಸಬೇಕಾದಷ್ಟು ತೀವ್ರವಾಗುವುದುಂಟು. ಸಾಮಾನ್ಯವಾಗಿ ಮೊದಲು, ಹೆಪ್ಪುಗಟ್ಟಿದ ರಕ್ತ ಬೇಗ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಕೊಡುತ್ತಾರೆ. ಅದು ಸಾಲದಿದ್ದರೆ ಹಾರ್ಮೋನ್ ಚಿಕಿತ್ಸೆಯಿಂದ ಸ್ರಾವವನ್ನು ಕಡಿಮೆ ಮಾಡುತ್ತಾರೆ ಅಥವಾ ಕೆಲಕಾಲ ಪೂರ್ತಿ ತಡೆಯುತ್ತಾರೆ. ಚಿಕ್ಕ ಹುಡುಗಿಗೆ ಹಾರ್ಮೋನ್ ಕೊಡುವುದೆಂದರೆ ಮನೆಯವರು ಹಿಂಜರಿಯುತ್ತಾರೆ, ಆ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೂ ತಿಂಗಳು ತಿಂಗಳೂ ರಕ್ತ ಕಳೆದುಕೊಂಡು ಸೊರಗುವುದಕ್ಕಿಂತ ಅದು ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಬ್ಬಿಣಾಂಶದ ಕೊರತೆಯನ್ನು ಯಾರೂ ಬೇಗ ಗಮನಿಸುವುದಿಲ್ಲ. ಹಿಮೋಗ್ಲೋಬಿನ್ ಸರಿಯಿದ್ದರೂ ದೇಹದ ಸಂಗ್ರಹ ಬರಿದಾಗಿರಬಹುದು. ಆದ್ದರಿಂದ ಆ ಸಂಗ್ರಹವನ್ನು ತೋರಿಸುವ ಫೆರಿಟಿನ್ ಎಂಬ ರಕ್ತ ಪರೀಕ್ಷೆಯನ್ನೂ ಆಗಾಗ ಮಾಡಿಸುತ್ತಿರಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ, ರಕ್ತಸ್ರಾವ ಹೆಚ್ಚಿಸಬಲ್ಲ ನೋವುನಿವಾರಕಗಳು ಅವಳ ಹತ್ತಿರ ಸುಳಿಯಬಾರದು. ಮುಟ್ಟಿನ ಹೊಟ್ಟೆನೋವಿಗೆ ಸಾಮಾನ್ಯವಾಗಿ ಕೊಡುವ ಮೆಫೆನಾಮಿಕ್ ಆಮ್ಲವೂ ಅದೇ ಗುಂಪಿನದು ಎಂಬುದನ್ನು ಮರೆಯಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಆಗುತ್ತದೆ. ಎಲ್ಲಕ್ಕಿಂತ ಮೊದಲು ಮಗುವಿನೊಂದಿಗೆ ಬಿಚ್ಚುಮನಸ್ಸಿನಿಂದ ಮಾತನಾಡಿ; ರಕ್ತ ಹೆಚ್ಚು ಹೋದರೆ ನಾಚಿಕೊಂಡು ಮುಚ್ಚಿಡದೆ ಕೂಡಲೇ ಹೇಳಬೇಕೆಂಬುದು ಅವಳಿಗೆ ಮುಂಚೆಯೇ ತಿಳಿದಿರಬೇಕು.

ಉತ್ತರ 2

ನಾನು ರಕ್ತರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಪ್ಲೇಟ್‌ಲೆಟ್ ಕೊಡಿಸುವ ಬಗೆಗಿನ ನಿಮ್ಮ ಪ್ರಶ್ನೆ ಬಹಳ ಮುಖ್ಯವಾದದ್ದು. ನಿಮ್ಮ ಮಗಳ ಪ್ಲೇಟ್‌ಲೆಟ್‌ಗಳ ಮೇಲೆ ಇಲ್ಲದಿರುವ ಅಥವಾ ಕೆಲಸ ಮಾಡದಿರುವ ಪ್ರೋಟೀನ್ ಜೋಡಿಗೆ ಗ್ಲೈಕೋಪ್ರೋಟೀನ್ 2ಬಿ-3ಎ ಎಂದು ಹೆಸರು. ದಾನಿಯ ಪ್ಲೇಟ್‌ಲೆಟ್‌ಗಳಲ್ಲಿ ಅದು ಇರುತ್ತದೆ. ಎಂದೂ ಅದನ್ನು ಕಾಣದ ದೇಹ ಅದನ್ನು ಪರಕೀಯವೆಂದು ತಿಳಿದು ಅದರ ಮೇಲೆ ದಾಳಿ ಮಾಡುವ ಪ್ರತಿಕಾಯಗಳನ್ನು (ಆಂಟಿಬಾಡಿ) ಬೆಳೆಸಿಕೊಳ್ಳಬಹುದು. ಆಮೇಲೆ ಎಷ್ಟು ಪ್ಲೇಟ್‌ಲೆಟ್ ಕೊಟ್ಟರೂ ಫಲ ಸಿಗದಿರಬಹುದು, ಮುಂದೆ ಗರ್ಭಿಣಿಯಾದಾಗ ಆ ಪ್ರತಿಕಾಯಗಳು ಜರಾಯುವಿನ (ಮಾಸು) ಮೂಲಕ ಶಿಶುವನ್ನು ತಲುಪಿ ಅದರ ಪ್ಲೇಟ್‌ಲೆಟ್‌ಗಳನ್ನೂ ನಾಶಪಡಿಸಬಹುದು. ಹಾಗಾಗಿ ಹೆಣ್ಣುಮಕ್ಕಳಲ್ಲಿ ಪ್ಲೇಟ್‌ಲೆಟ್‌ಗಳನ್ನು ದೊಡ್ಡ ಶಸ್ತ್ರಚಿಕಿತ್ಸೆಗೆ, ಪ್ರಾಣಾಪಾಯದ ರಕ್ತಸ್ರಾವಕ್ಕೆ ಮೀಸಲಿಡುವುದು ಒಳ್ಳೆಯದು. ಕೊಡಲೇಬೇಕಾದಾಗ ಬಿಳಿ ರಕ್ತಕಣಗಳನ್ನು ಸೋಸಿ ತೆಗೆದ, ಸಾಧ್ಯವಾದರೆ ಎಚ್‌ಎಲ್‌ಎ (ಜೀವಕೋಶಗಳ ಮೇಲಿನ ಗುರುತು ಪ್ರೋಟೀನ್‌ಗಳು) ಹೊಂದಾಣಿಕೆಯಾದ ಪ್ಲೇಟ್‌ಲೆಟ್‌ಗಳನ್ನು ಕೇಳಬೇಕು. ಆದರೆ ಪ್ರಾಣಕ್ಕೇ ಅಪಾಯವಿದ್ದಾಗ ಈ ಭಯದಿಂದ ತಡ ಮಾಡಬಾರದು.

ಪ್ಲೇಟ್‌ಲೆಟ್ ಫಲಿಸದವರಿಗೆ ರಕ್ತ ಹೆಪ್ಪುಗಟ್ಟಲು ನೆರವಾಗುವ, ರಿಕಾಂಬಿನೆಂಟ್ ಫ್ಯಾಕ್ಟರ್ 7ಎ ಎಂಬ ಚುಚ್ಚುಮದ್ದು ಇದೆ. ಅಮೆರಿಕದ ಔಷಧ ನಿಯಂತ್ರಕರು ಈ ಕಾಯಿಲೆಗೆ ಅದರ ಬಳಕೆಯನ್ನು 2014ರಲ್ಲಿ ಅನುಮೋದಿಸಿದರು. ಬೆಲೆ ಬಹಳ ಹೆಚ್ಚು, ಎಲ್ಲ ಕಡೆಯೂ ಸಿಗುವುದಿಲ್ಲ; ಅದನ್ನು ಎಲ್ಲಿ ಇಟ್ಟಿರುತ್ತಾರೆಂದು ಈಗಲೇ ವಿಚಾರಿಸಿಡಿ. ಇನ್ನೊಂದು ಎಚ್ಚರಿಕೆ: ಮೂತ್ರದಲ್ಲಿ ರಕ್ತ ಕಂಡರೆ ವೈದ್ಯರನ್ನು ಕೇಳದೆ ಟ್ರಾನೆಕ್ಸಾಮಿಕ್ ಆಮ್ಲ ಕೊಡಬೇಡಿ, ಏಕೆಂದರೆ ಹೆಪ್ಪುಗಟ್ಟಿದ ರಕ್ತ ಮೂತ್ರನಾಳವನ್ನು ಕಟ್ಟಿಬಿಡಬಹುದು.

ಉತ್ತರ 3

ನನ್ನ ಮಗನಿಗಿರುವುದು ಬರ್ನಾರ್ಡ್-ಸೂಲಿಯೇ ಸಿಂಡ್ರೋಮ್ ಎಂಬ, ಹುಟ್ಟಿನಿಂದ ಬರುವ ಇನ್ನೊಂದು ಪ್ಲೇಟ್‌ಲೆಟ್ ಕಾಯಿಲೆ. ಅದರಲ್ಲಿ ಪ್ಲೇಟ್‌ಲೆಟ್‌ಗಳು ದೊಡ್ಡದಾಗಿರುತ್ತವೆ, ಎಣಿಕೆಯೂ ಕಡಿಮೆ. ಹೀಗಾಗಿ ಐಟಿಪಿ (ದೇಹವೇ ತನ್ನ ಪ್ಲೇಟ್‌ಲೆಟ್‌ಗಳನ್ನು ನಾಶಪಡಿಸುವ ಕಾಯಿಲೆ) ಎಂದು ತಿಳಿದು ಸ್ಟೀರಾಯ್ಡ್ ಕೊಡುವ ಪ್ರಮಾದ ನಡೆಯುತ್ತದೆ. ಕಾಯಿಲೆಯ ಹೆಸರು, ಕೊಡಬಾರದ ಔಷಧಗಳು, ತಜ್ಞರ ದೂರವಾಣಿ ಸಂಖ್ಯೆ ಇವಿಷ್ಟನ್ನು ಬರೆದು ವೈದ್ಯರ ಸಹಿ ಹಾಕಿಸಿದ ಪತ್ರವನ್ನು ಮಗಳ ಶಾಲಾ ಚೀಲದಲ್ಲಿಯೇ ಇಡಿ. ಅದರಲ್ಲಿ "ಪ್ಲೇಟ್‌ಲೆಟ್ ಎಣಿಕೆ ಸರಿಯಿದ್ದರೂ ರಕ್ತಸ್ರಾವ ನಿಲ್ಲುವುದಿಲ್ಲ" ಎಂಬ ಸಾಲು ಎಲ್ಲಕ್ಕಿಂತ ಮೇಲಿರಲಿ. ಹಲ್ಲುಗಳ ಆರೈಕೆಯನ್ನೂ ತಪ್ಪಿಸಬೇಡಿ. ವಸಡು ಊದಿಕೊಂಡರೆ ರಕ್ತ ಜಿನುಗುತ್ತಲೇ ಇರುತ್ತದೆ.

ಪ್ರಶ್ನೆ ಕೇಳಿದವರು

ನಿಮ್ಮೆಲ್ಲರಿಗೂ ಮನಸಾರೆ ವಂದನೆಗಳು. ಪತ್ರವನ್ನು ಈ ವಾರವೇ ಬರೆಸುತ್ತೇನೆ. ಮೂರು ವರ್ಷದ ಮಗನಿಗೆ ಇದುವರೆಗೆ ಏನೂ ಕಾಣಿಸಿಲ್ಲ. ಅವನಿಗೂ ಪರೀಕ್ಷೆ ಬೇಕೇ?

ಉತ್ತರ 2 ಬರೆದವರು

ಬೇಕು. ತಂದೆತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಮಾತ್ರ ಈ ಕಾಯಿಲೆ ತಲೆದೋರುತ್ತದೆ. ನಿಮ್ಮ ಪ್ರತಿಯೊಂದು ಮಗುವಿಗೂ ಆ ಸಾಧ್ಯತೆ ನಾಲ್ಕರಲ್ಲಿ ಒಂದು. ಪ್ಲೇಟ್‌ಲೆಟ್‌ಗಳ ಮೇಲೆ ಆ ಪ್ರೋಟೀನ್ ಇದೆಯೇ ಎಂದು ನೋಡುವ ಫ್ಲೋ ಸೈಟೋಮೆಟ್ರಿ ಪರೀಕ್ಷೆಗೆ ಸ್ವಲ್ಪವೇ ರಕ್ತ ಸಾಕು. ವರದಿ ಬರುವವರೆಗೆ ಅವನಿಗೂ ಐಬುಪ್ರೊಫೆನ್ ಕೊಡಬೇಡಿ.