‘ವಾಯ್ಡ್’ ಎಂಬುದು ರದ್ದೇ, ಅಸಿಂಧುವೇ?

ವಿರಾಜಪೇಟೆ ಕಡೆಯ ಒಂದು ಒಕ್ಕದ (ಕೊಡವ ಮನೆತನದ) ಮೊಮ್ಮಗಳು ಹುಟ್ಟಿದ್ದು ಅಮೆರಿಕದಲ್ಲಿ. ಜಮ್ಮಾ ಜಮೀನಿನ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಭೂಮಿಯ) ಕಡತಕ್ಕೆ ವಂಶವೃಕ್ಷ ಮಾಡಿಸುವಾಗ ಅವಳ ಜನನ ಪ್ರಮಾಣಪತ್ರದ ಕನ್ನಡ ಅನುವಾದ ಬೇಕಂತೆ. ಕೆಲಸ ನನ್ನ ಪಾಲಿಗೆ ಬಂದಿದೆ. ಮಗುವಿನ ಹೆಸರು, ಹುಟ್ಟಿದ ದಿನ, ಸ್ಥಳ, ತಂದೆತಾಯಿ, ನೋಂದಣಿ ದಿನಾಂಕ ಎಲ್ಲಕ್ಕೂ ನಮ್ಮ ನಮೂನೆಯಲ್ಲೇ ಪದಗಳಿವೆ. ನಾವು ಮೊದಲು ಹೇಳುವ ಮನೆಪೆದವನ್ನು, ಅಂದರೆ ಮನೆತನದ ಹೆಸರನ್ನು, ಅವರು ಕೊನೆಗೆ ಹಾಕಿದ್ದಾರೆ. ಹಾಗೇ ಬಿಟ್ಟೆ, ಹೆಸರು ತಿದ್ದುವುದು ಅನುವಾದಕನ ಕೆಲಸವಲ್ಲ.

ತಲೆನೋವು ತಂದಿರುವುದು ಕಾಗದ. ಅಲ್ಲಿನ ಹಲವು ರಾಜ್ಯಗಳು ಇದಕ್ಕೆಂದೇ ಬೇರೆ ಬಗೆಯ ಕಾಗದ ಬಳಸುತ್ತವೆ. ಜೆರಾಕ್ಸ್ ಮಾಡಿದರೆ, ಅಸಲಿನಲ್ಲಿ ಕಣ್ಣಿಗೆ ಬೀಳದ ‘ವಾಯ್ಡ್’ ಎಂಬ ಪದ ಹಾಳೆ ತುಂಬ ಎದ್ದು ಬರುತ್ತದೆ. ಹಿನ್ನೆಲೆಯನ್ನು ದಪ್ಪ, ಸಣ್ಣ ಚುಕ್ಕಿಗಳಿಂದ ತುಂಬಿರುತ್ತಾರೆ. ನಮ್ಮ ಕಣ್ಣಿಗೆ ಎಲ್ಲ ಒಂದೇ ಛಾಯೆ, ಯಂತ್ರಕ್ಕೆ ದಪ್ಪ ಚುಕ್ಕಿಗಳಷ್ಟೇ ಸಿಗುತ್ತವೆ. ಮಡಿಕೇರಿಯ ಜೆರಾಕ್ಸ್ ಅಂಗಡಿಯವರು ಯಂತ್ರ ಕೆಟ್ಟಿತೆಂದೇ ತಿಳಿದರು!

ನಕಲನ್ನೂ ಲಗತ್ತಿಸಬೇಕಾದ್ದರಿಂದ ಈ ಪದಕ್ಕೂ ಕನ್ನಡ ಬೇಕು. ‘ರದ್ದು’ ಎಂದು ಬರೆದರೆ ಪತ್ರವನ್ನೇ ಯಾರೋ ರದ್ದು ಮಾಡಿದ್ದಾರೆ ಎಂದಾಗಿ ಕಡತ ವಾಪಸ್ ಬರುತ್ತದೆ. ‘ಅನೂರ್ಜಿತ’ ಕರಾರು, ಆದೇಶಗಳಿಗೆ ಒಪ್ಪುವ ಕಾನೂನಿನ ಮಾತು. ನನ್ನ ಒಲವು ‘ಅಸಿಂಧು’ ಕಡೆಗೆ. ಮತ ಎಣಿಕೆಯ ದಯದಿಂದ ಎಲ್ಲರಿಗೂ ಗೊತ್ತು, ಕೈಲಿರುವ ಹಾಳೆ ಲೆಕ್ಕಕ್ಕಿಲ್ಲ ಎಂಬಷ್ಟೇ ಅರ್ಥ. ‘ಈ ನಕಲು ಅಸಿಂಧು’ ಎಂದು ಬರೆದು, ನಕಲಿನಲ್ಲಿ ಮಾತ್ರ ಕಾಣುವ ಪದವಿದು ಎಂದು ಅಡಿಟಿಪ್ಪಣಿ ಕೊಡೋಣವೆಂದಿದ್ದೇನೆ.

ಇನ್ನು ಬೆರಳಾಡಿಸಿದರೆ ತಿಳಿಯುವ ಸೀಲು. ‘ಠಸ್ಸೆ’ ಎಂದರೆ ಮಸಿಯ ರಬ್ಬರ್ ಸ್ಟಾಂಪು ನೆನಪಾಗುತ್ತದೆ, ಇಲ್ಲಿ ಮಸಿಯೇ ಇಲ್ಲ. ಉಬ್ಬುಶಿಲ್ಪ ಇರುವಾಗ ‘ಉಬ್ಬುಮುದ್ರೆ’ ಯಾಕಾಗಬಾರದು?

‘ಸರ್ಟಿಫೈಡ್ ಕಾಪಿ’ಯ ಬಗ್ಗೆ ಮಾತ್ರ ನಿರ್ಧಾರಕ್ಕೆ ಬಂದಿಲ್ಲ. ‘ದೃಢೀಕೃತ ನಕಲು’ ಎಂದರೆ ಗೆಜೆಟೆಡ್ ಅಧಿಕಾರಿ ಸಹಿ ಹಾಕಿದ ಜೆರಾಕ್ಸ್ ಎಂದುಕೊಳ್ಳುತ್ತಾರೆ. ಆದರೆ ಮೂಲ ದಾಖಲೆ ಸರ್ಕಾರದಲ್ಲೇ ಉಳಿದು, ರಿಜಿಸ್ಟ್ರಾರ್ ಸಹಿ, ಸೀಲಿನೊಂದಿಗೆ ಕೊಡುವ ಈ ಪ್ರತಿಯೇ ಜನರ ಪಾಲಿನ ಅಸಲು. ನಮ್ಮಲ್ಲೂ 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಕೈಗೆ ಸಿಗುವುದು ರಿಜಿಸ್ಟರಿನಿಂದ ತೆಗೆದುಕೊಟ್ಟ ಪತ್ರವೇ ತಾನೆ? ನೋಂದಣಿ ಕಚೇರಿಯಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ: ಅಲ್ಲಿ ‘ಪ್ರತಿ’ ಬೇರೆ, ‘ನಕಲು’ ಬೇರೆ ಎಂಬ ಬಳಕೆ ಇದೆಯೇ?